ಭುಜಕ್ಕೆ ನಾಲ್ಕು ಬೆರಳು ಹೆಚ್ಚು

ಜನವರಿ ೧೧

ದೊಡ್ಡವಳಿಗೆ,

ನೀನು ಗಟ್ಟಿಮುಟ್ಟಾಗಿದ್ದೀಯ ಎಂದು ಗೊತ್ತು, ಆದ್ದರಿಂದ ಕ್ಷೇಮ ಕೇಳುವುದಿಲ್ಲ. ಫೋನಿನಲ್ಲಿ ನಾನು ಒಂದು ಹೇಳಿದರೆ ನೀನು ಹತ್ತು ಹೇಳುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ಯಾರಿಂದಲೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಸುಮ್ಮನಿರು.

ಚಿಕ್ಕವಳು ನಿನ್ನ ಫೋಟೋ ತೋರಿಸಿದಳು. ಕಬ್ಬಿಣದ ಸರಳೊಂದನ್ನು ಎತ್ತಿ ಹಿಡಿದು ನಿಂತಿದ್ದೀಯ. ಸರಳಿನ ಎರಡು ತುದಿಗೂ ಬಂಡಿಯ ಗಾಲಿಯಂಥ ಬಿಲ್ಲೆಗಳು. ಮೈಮೇಲೆ ತೋಳಿಲ್ಲದ ಬನಿಯನ್. ಕತ್ತಿನ ನರ ಉಬ್ಬಿದೆ, ಹಲ್ಲು ಕಚ್ಚಿದ್ದೀಯ, ಮುಖ ಬೆಂದ ಹಾಗಿದೆ. ಯಾರೋ ಮೂಟೆ ಹೊರುವವನ ಫೋಟೋ ನನಗೇಕೆ ತೋರಿಸುತ್ತಿದ್ದಾಳೆ ಎಂದುಕೊಂಡೆ. "ಅಮ್ಮಾ, ಸರಿಯಾಗಿ ನೋಡು, ಅಕ್ಕ ಕಣಮ್ಮಾ ಅದು!" ಎಂದು ಅವಳು ಬಿದ್ದುಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನಿನ್ನ ಸೋದರತ್ತೆಯೂ ಅಲ್ಲೇ ಕೂತಿದ್ದಳು. ಕನ್ನಡಕ ಏರಿಸಿಕೊಂಡು ನೋಡಿದವಳು, "ಅತ್ತಿಗೆ, ಮದುವೆಮನೆ ಕುರ್ಚಿ ಮೇಜು ಸಾಗಿಸೋಕೆ ಬೇರೆ ಆಳು ಬೇಡ ಬಿಡಿ" ಎಂದಳು.

ಮೂವತ್ತೆಂಟು ವರ್ಷದ ಹೆಂಗಸು ನೀನು. ಇಡೀ ದಿನ ಮೂಳೆ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿ ಸಾಕಾಗಿ ಬರುವವಳು. ಮನೆಗೆ ಬಂದು ಕಾಲು ಚಾಚಿ ಕೂರುವುದು ಬಿಟ್ಟು ಕಬ್ಬಿಣ ಎತ್ತಲು ಹೋಗುತ್ತೀಯಲ್ಲ, ಯಾವ ಕರ್ಮಕ್ಕೆ?

ಏಪ್ರಿಲ್ ಕೊನೆಗೆ ಚರ್ಚಿನಲ್ಲಿ ಚಿಕ್ಕವಳ ಮದುವೆ. ಮದುಮಗಳ ಪಕ್ಕದಲ್ಲಿ ನಿಲ್ಲಬೇಕಾದವಳು ನೀನು. ಮದುಮಗನೋ ಗಾಳಿ ಬೀಸಿದರೆ ವಾಲುವಂಥವನು. ಅವನಿಗಿಂತ ನಿನ್ನ ಭುಜ ಅಗಲ ಕಂಡರೆ ಬೀಗರ ಮುಂದೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಈಗ ನನ್ನ ಮಾತು ಕೇಳು. ಇವತ್ತಿನಿಂದಲೇ ಆ ಕಬ್ಬಿಣ ಬಿಡು. ಮೂರು ತಿಂಗಳಲ್ಲಿ ಸ್ವಲ್ಪವಾದರೂ ಇಳಿದೀಯ. ನಿನ್ನ ಗೌನು ನಾನೇ ಹೊಲಿಯುತ್ತೇನೆ, ಮಣಿಕಟ್ಟಿನವರೆಗೆ ತುಂಬುತೋಳು ಇಟ್ಟು. ಅಳತೆ ಕೊಡಲು ಬರಬೇಕಿಲ್ಲ. ಮೂವತ್ತೈದು ವರ್ಷದಿಂದ ಈ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ, ಮನೆಯವರಿಗೆ ಯಾವತ್ತೂ ಟೇಪು ಹಿಡಿದವಳಲ್ಲ, ಕಣ್ಣಳತೆಯೇ ಸಾಕು. ಇದಕ್ಕೆ ಒಪ್ಪಿದರೆ ತಂಗಿಯ ಪಕ್ಕ ನಿಲ್ಲು. ಇಲ್ಲವಾದರೆ ಆ ಜಾಗದಲ್ಲಿ ನಿನ್ನ ಅತ್ತೆಯ ಮಗಳು ನಿಲ್ಲುತ್ತಾಳೆ. ಅವಳ ತೋಳು ನೋಡಲು ಚೆನ್ನಾಗಿವೆ.

ಇತಿ,
ಅಮ್ಮ


ಜನವರಿ ೨೦

ಅಮ್ಮನಿಗೆ,

ಸುಮ್ಮನಿದ್ದು ಓದಿದೆ. ಈಗ ನಿನ್ನ ಸರದಿ.

ನನಗೆ ಹದಿಮೂರು ವರ್ಷ. ಅಂಗಡಿಯಲ್ಲಿ ಬಿದ್ದ ಗುಂಡಿಗಳನ್ನು ಆಯ್ದು ಡಬ್ಬಿಗೆ ಹಾಕುತ್ತಿದ್ದೆ. ನೀನು ಗಿರಾಕಿಯೊಬ್ಬಳ ಎದುರು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದಕ್ಕೆ ತೋಳು ಕೂರಿಸೋದೇ ಒಂದು ತಲೆನೋವು ನೋಡಿ, ಅಪ್ಪನ ಕಡೆ ಎಲುಬು" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ತ್ಚು ತ್ಚು ಎಂದಳು. ನಿನಗೆ ಮರೆತಿದೆ. ನನಗೆ ಅವಳ ಚಪ್ಪಲಿಯ ಬಣ್ಣವೂ ನೆನಪಿದೆ.

ಮರುವರ್ಷ ಶಾಲೆಯಲ್ಲಿ ಗುಂಡು ಎಸೆತದಲ್ಲಿ ಮೊದಲು ಬಂದೆ. ಆಟದ ಟೀಚರು ಮನೆಯವರೆಗೆ ಬಂದು, ಇವಳನ್ನು ಹೊರಗಿನ ಸ್ಪರ್ಧೆಗೆ ಕಳಿಸಿ ಎಂದು ಕೇಳಿಕೊಂಡರು. "ಭುಜ ಅಗಲ ಆದ್ರೆ ನೀವು ಬಂದು ಗಂಡು ಹುಡುಕಿಕೊಡ್ತೀರಾ?" ಎಂದು ಕೇಳಿ ನೀನು ಅವರನ್ನು ಬಾಗಿಲಿನಿಂದಲೇ ಕಳಿಸಿದೆ. ಪಾಪ, ನೀರು ಕೂಡ ಕುಡಿಯದೆ ಹೋದರು.

ಇದೆಲ್ಲ ನಿನ್ನೊಬ್ಬಳದೇ ತಲೆಯಿಂದ ಹುಟ್ಟಿದ್ದಲ್ಲ ಎಂದು ಆಮೇಲೆ ತಿಳಿಯಿತು. ನಿನ್ನ ಅಂಗಡಿಯ ಬೆಂಚಿನ ಮೇಲೆ ಗಿರಾಕಿಗಳಿಗೆಂದು ಇಡುತ್ತಿದ್ದ ವಾರಪತ್ರಿಕೆಗಳನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದೆ. ಹೆಂಗಸರ ಪುಟದಲ್ಲಿ ವ್ಯಾಯಾಮ ಎಂದರೆ ಎರಡು ನೀರಿನ ಬಾಟಲಿ ಹಿಡಿದು ಕೈ ಬೀಸುವುದು. ಕೆಳಗೊಂದು ಎಚ್ಚರಿಕೆ: ಇದಕ್ಕಿಂತ ಭಾರ ಎತ್ತಬೇಡಿ, ಲಾವಣ್ಯ ಕೆಟ್ಟೀತು. ಅದೇ ಪತ್ರಿಕೆಯ ಮುಂದಿನ ಪುಟದಲ್ಲಿ ಎರಡು ವರ್ಷದ ಮಗುವನ್ನು ಸೊಂಟದ ಮೇಲೆ, ತುಂಬಿದ ಬಕೆಟನ್ನು ಕೈಯಲ್ಲಿ ಹಿಡಿದ ತಾಯಿಯ ಚಿತ್ರ. ಆ ತಾಯಿಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಬರೆದವರು ಯಾರೋ ಗೊತ್ತಿಲ್ಲ. ಸಿಕ್ಕಿದರೆ ಬಿಡುವುದಿಲ್ಲ.

ಈಗ ಇಲ್ಲಿನ ಜಿಮ್ಮಿನಲ್ಲೂ ಅದೇ ಪಾಠ. ಮೊದಲ ದಿನ ಅಲ್ಲಿ ಕಲಿಸುವ ಹುಡುಗ ನನ್ನ ಕೈಗೆ ಗುಲಾಬಿ ಬಣ್ಣದ ಎರಡು ಡಂಬೆಲ್ ಕೊಟ್ಟ. ನಮ್ಮ ವಾರ್ಡಿನ ಉಗುಳುಬಟ್ಟಲು ಅದಕ್ಕಿಂತ ಭಾರ. "ಮೇಡಂ, ಜಾಸ್ತಿ ಎತ್ತಿದ್ರೆ ದಪ್ಪ ಆಗ್ಬಿಡ್ತೀರ" ಎಂದ. "ನೀನು ಎಷ್ಟು ವರ್ಷದಿಂದ ಎತ್ತುತ್ತಿದ್ದೀಯಪ್ಪಾ?" ಎಂದೆ. ಆರು ವರ್ಷ ಎಂದ. "ಮತ್ತೆ ನೀನೇಕೆ ಇನ್ನೂ ಆಗಿಲ್ಲ?" ಎಂದೆ. ಆಮೇಲೆ ಸರಳು ತೋರಿಸಿದ.

ಯಾವ ಕರ್ಮಕ್ಕೆ ಎಂದು ಕೇಳಿದ್ದೀಯ. ಎರಡು ವರ್ಷದ ಹಿಂದೆ ರೋಗಿಯೊಬ್ಬರನ್ನು ಬೇರೆ ಹಾಸಿಗೆಗೆ ಬದಲಿಸುವಾಗ ನನ್ನ ಸೊಂಟ ಹಿಡಿಯಿತು. ವಾರವಿಡೀ ನಾನೇ ಅದೇ ವಾರ್ಡಿನಲ್ಲಿ ಮಲಗಿದ್ದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ಕೆಲಸ ಬಿಡು ಎನ್ನುತ್ತಿದ್ದೆ. ಬೆನ್ನು ಬಲಪಡಿಸಿಕೊಳ್ಳುತ್ತೀಯೋ, ಚೀಟಿ ಬರೆಯುವ ಮೇಜಿಗೆ ಹೋಗುತ್ತೀಯೋ ಎಂದು ಡಾಕ್ಟರು ಕೇಳಿದರು. ಬಲಪಡಿಸಿಕೊಂಡೆ. ಈಗ ನೋವಿಲ್ಲ. ನಾನು ದಪ್ಪವೂ ಆಗಿಲ್ಲ. ಹೆಂಗಸಿನ ಮೈ ಹುದುಗಿದ ಹಿಟ್ಟಲ್ಲ, ರಾತ್ರಿ ಬೆಳಗಾಗುವುದರಲ್ಲಿ ಉಬ್ಬಲು. ವರ್ಷಗಟ್ಟಲೆ ಬೆವರು ಸುರಿಸಿದರೂ ಬರುವುದು ಚೂರುಪಾರು.

ಇನ್ನು ನನ್ನ ವಾರ್ಡಿಗೆ ಬರುವವರನ್ನು ನೀನು ನೋಡಬೇಕು. ಅರವತ್ತು ದಾಟಿದ ಹೆಂಗಸರು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೂಳೆ ಮುರಿದುಕೊಂಡವರು. ಹರೆಯದಲ್ಲಿ ನಡು ಎಷ್ಟು ಸಣ್ಣ ಎಂದು ಹೊಗಳಿಸಿಕೊಂಡವರು. ನಾವು ಎತ್ತುವಾಗ ಅವರು ನಮ್ಮ ಕ್ಷಮೆ ಕೇಳುತ್ತಾರೆ.

ಹೊಲಿಗೆ ಯಂತ್ರವನ್ನು ಎರಡನೆಯ ಮಹಡಿಗೆ ನೀನೊಬ್ಬಳೇ ಹೊತ್ತು ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಬಾಗಿಲು ಹಿಡಿದು ನಿಂತು "ಹುಷಾರು ಕಣೇ, ಗೋಡೆ ಬಣ್ಣ ಹೋಗತ್ತೆ" ಎನ್ನುತ್ತಿದ್ದರು. ಆಗ ಅದನ್ನು ಯಾರೂ ಗಂಡಸುತನ ಎನ್ನಲಿಲ್ಲ, ಸಂಸಾರ ಎಂದರು.

ಕಬ್ಬಿಣ ಬಿಡುವುದಿಲ್ಲ. ತಂಗಿಯ ಪಕ್ಕ ನಾನೇ ನಿಲ್ಲುತ್ತೇನೆ. ಬಿಸಿಲುಗಾಲದಲ್ಲಿ ತುಂಬುತೋಳು ತೊಡುವುದಿಲ್ಲ. ಹೊಲಿಯುವುದಾದರೆ ಟೇಪು ಹಿಡಿದು ಅಳತೆ ತೆಗೆದು ಹೊಲಿ.

ದೊಡ್ಡವಳು


ಫೆಬ್ರವರಿ ೬

ದೊಡ್ಡವಳಿಗೆ,

ಓದು ಕಲಿಸಿದ್ದು ತಪ್ಪಾಯಿತು ಎಂದು ಹೇಳುವುದಿಲ್ಲ. ಓದಿದ್ದನ್ನೆಲ್ಲ ನೆನಪಿಟ್ಟುಕೊಳ್ಳಲು ಯಾರು ಕಲಿಸಿದರೋ ತಿಳಿಯದು.

ಯಂತ್ರ ಹೊತ್ತದ್ದು ನಾನು. ಆದರೆ ಕೆಳಗಿನದ್ದು ಮೇಲೆ ಬಂತು, ಮನೆಗೆ ಅನ್ನ ಬಂತು. ನೀನು ಎತ್ತುವುದೇನು? ಎತ್ತುತ್ತೀಯ, ಮತ್ತೆ ಅಲ್ಲೇ ಇಡುತ್ತೀಯ. ಮರುದಿನ ಹೋಗಿ ಅದನ್ನೇ ಮತ್ತೆ ಎತ್ತುತ್ತೀಯ. ಇದು ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವೇ?

ಗುಂಡು ಎಸೆತ ಬಿಡಿಸಿದ್ದು ನಾನೇ. ಬಿಡಿಸದಿದ್ದರೆ ಏನಾಗುತ್ತಿತ್ತು ಎಂಬ ಅನುಮಾನವಿತ್ತು. ಆ ಫೋಟೋ ನೋಡಿ ಪರಿಹಾರವಾಯಿತು.

ಸೊಂಟ ಹಿಡಿದದ್ದನ್ನು ಎರಡು ವರ್ಷ ಮುಚ್ಚಿಟ್ಟವಳು ನನ್ನ ಬಗ್ಗೆ ಮಾತಾಡಬೇಡ.

ಬಟ್ಟೆ ತಂದಿದ್ದೇನೆ. ಕಡುನೀಲಿ. ಕಪ್ಪಿನ ಹತ್ತಿರದ ಬಣ್ಣದಲ್ಲಿ ಮೈ ಸ್ವಲ್ಪ ಕಡಿಮೆ ಕಾಣುತ್ತದೆ. ತೋಳು ತುಂಬುತೋಳೇ. ಸೆಕೆಯಾದರೆ ಆಗಲಿ, ಅರ್ಧ ದಿನ ಬೆವರಿದರೆ ಸಾಯುವುದಿಲ್ಲ. ಬೆವರುವುದೇ ನಿನಗೆ ಇಷ್ಟವಲ್ಲವೇ. ಅಳತೆಗಿಳತೆ ಬೇಡ. ನಿನ್ನನ್ನು ಹೆತ್ತವಳಿಗೆ ನಿನ್ನ ಮೈ ಗೊತ್ತಿಲ್ಲವೇ?

ಅಮ್ಮ


ಮಾರ್ಚ್ ೨೨

ಅಮ್ಮನಿಗೆ,

ಪಾರ್ಸೆಲ್ ಬಂತು.

ಗೌನು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ಭುಜದ ಹೊಲಿಗೆ ಭುಜದ ಮೇಲೆ ಇರಲಿಲ್ಲ, ಜಾರಿ ತೋಳಿನ ನಡುವಿಗೆ ಬಂದಿತ್ತು. ಬೆನ್ನಿನಲ್ಲಿ ಗಾಳಿ ಆಡುತ್ತಿತ್ತು. ಒಂದು ತೋಳಿನೊಳಗೆ ನನ್ನ ಎರಡು ಕೈ ಹಾಯಾಗಿ ಹೋದವು. ಪಕ್ಕದ ಕೋಣೆಯ ನರ್ಸನ್ನು ಕರೆದು ತೋರಿಸಿದೆ. ಅವಳು ಹಿಂದಿನಿಂದ ಬಟ್ಟೆ ಜಗ್ಗಿ, "ಇದರೊಳಗೆ ನಾನೂ ಬರ್ಲಾ ಅಕ್ಕಾ?" ಎಂದಳು. ಬಂದಳು. ಇಬ್ಬರೂ ಒಂದೇ ಗೌನಿನಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳು ಹೋದ ಮೇಲೂ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಒಂದೊಂದು ಭುಜಕ್ಕೂ ನಾಲ್ಕು ಬೆರಳು ಹೆಚ್ಚು ಇಟ್ಟಿದ್ದೀಯ. ಊರಿನ ಹೆಂಗಸರ ನಡೆ ನೋಡಿಯೇ ಅಳತೆ ಹೇಳುವವಳು ನೀನು. ಬಸುರಿ ಎಂದು ಅವರಿಗೇ ತಿಳಿಯುವ ಮೊದಲು ಸೊಂಟಕ್ಕೆ ಬಿಡುವು ಇಟ್ಟು ಹೊಲಿದವಳು. ನಿನ್ನ ಕತ್ತರಿ ತಪ್ಪಿದ್ದನ್ನು ನಾನು ಇದೇ ಮೊದಲ ಸಲ ನೋಡುತ್ತಿರುವುದು. ಬಟ್ಟೆಯ ಮುಂದೆ ಕೂತಾಗ ನಿನ್ನ ಕಣ್ಣಿಗೆ ನಾನು ಕಾಣಲಿಲ್ಲ. ಅತ್ತೆಯ ನಾಲಗೆ, ಬೀಗರ ಕಣ್ಣು, ಆ ಒಂದು ಫೋಟೋ ಕಂಡವು. ಅಷ್ಟಕ್ಕೂ ಸೇರಿಸಿ ಕತ್ತರಿಸಿದ್ದೀಯ.

ಸರಿ, ನೀನು ಗೆದ್ದೆ. ನೀನು ಹೊಲಿದದ್ದನ್ನೇ ತೊಡುತ್ತೇನೆ. ಹೇಗೆ ಬಂದಿದೆಯೋ ಹಾಗೆ, ಒಂದು ಪಿನ್ನು ಕೂಡ ಹಾಕದೆ. ಯಾರು ಹೊಲಿದದ್ದು ಎಂದು ಕೇಳಿದವರಿಗೆಲ್ಲ ಅಂಗಡಿಯ ವಿಳಾಸ ಹೇಳುತ್ತೇನೆ.

ದೊಡ್ಡವಳು


ಮಾರ್ಚ್ ೩೦

ದೊಡ್ಡವಳಿಗೆ,

ಸುಳ್ಳು. ನನ್ನ ಕೈಯಲ್ಲಿ ನಾಲ್ಕು ಬೆರಳು ತಪ್ಪಲು ಸಾಧ್ಯವೇ ಇಲ್ಲ. ನನ್ನನ್ನು ಹಣಿಯಬೇಕೆಂದೇ ನೀನು ಊಟ ಬಿಟ್ಟು ಇಳಿದಿದ್ದೀಯ.

ಮದುವೆಗೆ ನನ್ನ ಗಿರಾಕಿಗಳೆಲ್ಲ ಬರುತ್ತಾರೆ. ಆ ಗೌನನ್ನು ಯಾರಿಗೂ ತೋರಿಸಬೇಡ. ಆ ನರ್ಸಿಗೂ ಹೇಳು, ಬಾಯಿ ಬಿಡಬಾರದೆಂದು. ಹಿಂದಿನ ದಿನವೇ ಬಾ. ಬಿಚ್ಚಿ ಸರಿಮಾಡುತ್ತೇನೆ.

ಅತ್ತೆಯ ಮಗಳಿಗೆ ನಿಲ್ಲುವುದು ಬೇಡ ಎಂದು ಹೇಳಿಯಾಗಿದೆ. ನಿನಗಾಗಿ ಅಲ್ಲ, ಅವಳಿಗೆ ಹೊಲಿಯಲು ಬಟ್ಟೆ ಉಳಿದಿಲ್ಲ.

ಅಮ್ಮ


ಮೇ ೪

ಅಮ್ಮನಿಗೆ,

ಮದುವೆ ಚೆನ್ನಾಗಿ ಆಯಿತು ಎಂದು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಆಯಿತು, ನಿಜ. ಆದರೆ ಮದುಮಗಳ ಕೋಣೆಯಲ್ಲಿ ಆದದ್ದನ್ನು ನೀನು ಬಾಯಿ ಬಿಟ್ಟು ಹೇಳುವವಳಲ್ಲ, ಆದ್ದರಿಂದ ನಾನೇ ಬರೆದಿಡುತ್ತೇನೆ.

ಹಿಂದಿನ ದಿನ ಬರಲಾಗಲಿಲ್ಲ, ವಾರ್ಡಿನಲ್ಲಿ ಬದಲಿ ಸಿಗಲಿಲ್ಲ. ಬೆಳಿಗ್ಗೆ ಬಂದವಳನ್ನು ನೀನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೆ. ಭುಜ ಒಳಗೆ ತೆಗೆದುಕೊಳ್ಳಬೇಕಾದರೆ ತೋಳು ಬಿಚ್ಚಲೇಬೇಕು. ಬಿಚ್ಚಿದೆ. ಒಂದೊಂದೇ ಸೂಜಿ ಬಾಯಿಂದ ತೆಗೆದು ಬಟ್ಟೆ ಹಿಡಿದು ಚುಚ್ಚುತ್ತಾ ಬಂದೆ. ನಿನ್ನ ಬೆರಳು ನನ್ನ ಭುಜದ ಮೇಲೆ ಓಡಾಡುತ್ತಿದ್ದವು. ಒಂದು ಕಡೆ ನಿಂತವು, ಒತ್ತಿ ನೋಡಿದವು. ಏನೋ ಹೇಳಲು ಹೊರಟೆ ನೀನು. ಸೂಜಿಗಳಿದ್ದವು, ಆಗಲಿಲ್ಲ. ನಾವಿಬ್ಬರೂ ಅಷ್ಟು ಹೊತ್ತು ಜಗಳವಾಡದೆ ಒಂದು ಕೋಣೆಯಲ್ಲಿದ್ದದ್ದು ನನಗೆ ನೆನಪಿಲ್ಲ.

ಆ ಹೊತ್ತಿಗೆ ಹೊರಗೆ ಕರೆಯಲು ಶುರುಮಾಡಿದರು. ತೋಳು ಮತ್ತೆ ಕೂರಿಸಲು ಸಮಯ ಉಳಿಯಲಿಲ್ಲ. ತೋಳು ಬಿಚ್ಚಿದ ಜಾಗದ ಸುತ್ತ ಅಂಚು ಮಡಚಿ ನೀನೇ ಕೈಹೊಲಿಗೆ ಹಾಕಿದೆ. ತುಂಬುತೋಳಿಗೆ ಹಟ ಹಿಡಿದವಳು ನಿನ್ನ ಕೈಯಾರೆ ನನ್ನನ್ನು ತೋಳಿಲ್ಲದೆ ನಿಲ್ಲಿಸಿದೆ. ಇದಕ್ಕೆ ನಾನು ಕಾರಣಳಲ್ಲ, ದಯವಿಟ್ಟು ನನ್ನ ತಲೆಗೆ ಕಟ್ಟಬೇಡ.

ಆಮೇಲೆ ಕೆಳಗಿನ ಅಂಚು ನೋಡಲು ನೀನು ನೆಲದ ಮೇಲೆ ಕೂತೆ. ನೋಡಿ ಆಯಿತು. ನೀನು ಏಳಲಿಲ್ಲ. ನನ್ನ ಮೊಣಕಾಲು ಹಿಡಿದೆ, ಬಿಟ್ಟೆ. ಕುರ್ಚಿ ಹಿಡಿದೆ, ಅದು ಜಾರಿತು. ನೆಲದಲ್ಲಿ ಸೂಜಿ ಹುಡುಕುವವಳ ಹಾಗೆ ಸುಮ್ಮನೆ ಕೈಯಾಡಿಸಿದೆ. ಅಲ್ಲಿ ಸೂಜಿ ಇರಲಿಲ್ಲ.

ನಾನು ಸ್ಟೂಲಿನಿಂದ ಇಳಿದು, ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದೆ. ಬಾಯಲ್ಲಿದ್ದ ಸೂಜಿಗಳನ್ನು ಉಗಿದು ನೀನು ಆಡಿದ ಮೊದಲ ಮಾತು: "ಬಿಡೇ! ಗಂಡಸರ ಥರ ಹಿಡ್ಕೊಂಡು!" ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಾನು ಹೇಳಿರ್ಲಿಲ್ವಾ ಅತ್ತಿಗೆ, ಇವತ್ತು ಎತ್ತಿದ್ಲು, ನಾಳೆ ಎತ್ತಿ ಒಗೀತಾಳೆ!" ಎಂದರು. ನೀನು ನಕ್ಕೆ. ಅವರ ಜೊತೆ ಸೇರಿ, ನನ್ನ ಕೈ ಇನ್ನೂ ನಿನ್ನ ಬೆನ್ನಿನ ಮೇಲಿರುವಾಗ ನಕ್ಕೆ.

ಆ ನಗುವನ್ನು ನಾನು ಮರೆಯುವುದಿಲ್ಲ, ನಿನಗೆ ಗೊತ್ತು ನನ್ನ ಸ್ವಭಾವ. ಆದರೆ ಈ ಕಾಗದ ಅದಕ್ಕಲ್ಲ. ನಿನ್ನಲ್ಲಿ ತೂಕವೇ ಇರಲಿಲ್ಲ. ಹ್ಯಾಂಗರಿನಿಂದ ಬಟ್ಟೆ ತೆಗೆದ ಹಾಗೆ ಮೇಲೆ ಬಂದೆ. ದಿನಾ ಅಂಥವರನ್ನು ಎತ್ತುವ ಕೈ ಇದು, ಇದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನೆಲದಿಂದ ಏಳಲಾಗದೆ ಎಷ್ಟು ಕಾಲವಾಯಿತು? ಇದೊಂದಕ್ಕೆ ಉತ್ತರ ಬರೆ. ಉಳಿದ ಬೈಗುಳ ಆಮೇಲೆ ಬರೆದರೂ ನಡೆಯುತ್ತದೆ.

ದೊಡ್ಡವಳು


ಮೇ ೨೭

ಅಮ್ಮನಿಗೆ,

ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ. ಅಂಗಡಿ ತೆರೆದಿದೆಯೆಂದು ಚಿಕ್ಕವಳು ಹೇಳಿದಳು, ಆದ್ದರಿಂದ ಬದುಕಿದ್ದೀಯ.

ನಮ್ಮ ವಾರ್ಡಿಗೆ ಮೊನ್ನೆ ನಿನ್ನ ವಯಸ್ಸಿನ ಒಬ್ಬರು ಬಂದರು. ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದವರು, ತೆಳ್ಳಗೆ, ಬೆಳ್ಳಗೆ, ಅಚ್ಚುಕಟ್ಟಾದ ಹೆಂಗಸು. ಕೆಳಗೆ ಬಿದ್ದ ಚಮಚ ತೆಗೆಯಲು ಅಡುಗೆಮನೆಯಲ್ಲಿ ಕೂತರಂತೆ. ಏಳಲು ಆಗಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೇ ಇದ್ದು, ಕೊನೆಗೆ ಕಟ್ಟೆ ಹಿಡಿದು ಏಳಲು ಹೋಗಿ ಬಿದ್ದು ಸೊಂಟ ಮುರಿಯಿತು. ಗೋಡೆಯಾಚೆ ಪಕ್ಕದ ಮನೆಯವರ ಮಾತು ಅವರಿಗೆ ಕೇಳಿಸುತ್ತಿತ್ತಂತೆ. "ಕೂಗಬಾರದಿತ್ತೇ?" ಎಂದೆ. "ಕೂಗೋಕೆ ನಾಚಿಕೆ ಆಯ್ತಮ್ಮ" ಎಂದರು.

ನೀನೂ ಕೂಗುವವಳಲ್ಲ. ಇನ್ನು ಮೂರು ವಾರ ನೋಡುತ್ತೇನೆ. ಆಮೇಲೆ ಚಿಕ್ಕವಳಿಗೆ ಹೇಳುತ್ತೇನೆ. ಅವಳು ಅತ್ತೆಗೆ ಹೇಳುತ್ತಾಳೆ. ಅತ್ತೆ ಯಾರಿಗೆ ಹೇಳುತ್ತಾರೆ ಎಂದು ನಾನು ಬರೆಯಬೇಕಿಲ್ಲ.

ದೊಡ್ಡವಳು


ಜೂನ್ ೧೬

ದೊಡ್ಡವಳಿಗೆ,

ಹೆತ್ತ ತಾಯಿಗೆ ಗಡುವು ಕೊಡುವ ಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಟೀಚರಿನ ಕಥೆ ಬರೆದು ಹೆದರಿಸಿದೆ ಎಂದು ಹಿಗ್ಗಬೇಡ. ನನ್ನ ಅಡುಗೆಮನೆಯಲ್ಲಿ ಚಮಚ ಬೀಳುವುದಿಲ್ಲ.

ನಕ್ಕೆ, ಹೌದು. ನಿನ್ನ ಅತ್ತೆಯ ಎದುರು ಇನ್ನೇನು, ಅಳಬೇಕಿತ್ತೇ? ನಗದಿದ್ದರೆ ಅವಳು ನಾನು ಕೂತಿದ್ದ ಜಾಗವನ್ನು ನೋಡುತ್ತಿದ್ದಳು. ನಕ್ಕಿದ್ದರಿಂದ ನಿನ್ನನ್ನು ನೋಡಿದಳು. ನಿನಗೆ ಅವಳ ಮಾತು ತಟ್ಟುವುದಿಲ್ಲ ಎಂದುಕೊಂಡಿದ್ದೆ, ಅಷ್ಟು ಗಟ್ಟಿಯಾಗಿದ್ದೀಯಲ್ಲ.

ನಿನ್ನಿಂದ ನನಗೆ ಇನ್ನೊಂದು ಕಾಟ. ಮದುವೆಗೆ ಬಂದಿದ್ದ ಮೂವರು ಗಿರಾಕಿಗಳು ಬಂದು, ದೊಡ್ಡ ಮಗಳು ತೊಟ್ಟಿದ್ದಳಲ್ಲ, ಅಂಥದೇ ತೋಳಿಲ್ಲದ್ದು ಬೇಕು ಎಂದರು. ಹೊಲಿದು ಕೊಟ್ಟೆ. ಒಬ್ಬಳಿಗೂ ಒಪ್ಪಲಿಲ್ಲ. ಭುಜವೇ ಇಲ್ಲದ ಮೇಲೆ ಬಟ್ಟೆ ನಿಲ್ಲುವುದು ಎಲ್ಲಿ? "ನಿಮ್ಮ ಮಗಳಿಗೆ ಚೆನ್ನಾಗಿ ಕೂತಿತ್ತಲ್ಲ" ಎಂದು ನನ್ನ ಹೊಲಿಗೆಯಲ್ಲೇ ಹುಳುಕು ಹುಡುಕಿದರು.

ನೀನು ಕೇಳಿದ್ದು. ಹೋದ ಚಳಿಗಾಲದಿಂದ. ಸಾಕೇ? ಕತ್ತರಿ ಹಿಡಿದಾಗಿನಿಂದ ನೆಲದ ಮೇಲೆ ಹಾಸಿಯೇ ಬಟ್ಟೆ ಕತ್ತರಿಸಿದವಳು ನಾನು. ಈಗ ಕತ್ತರಿಸಿ ಮುಗಿದ ಮೇಲೆ ಗೋಡೆಯವರೆಗೆ ಸರಿದು, ಯಂತ್ರದ ಕಾಲು ಹಿಡಿದು, ಮೊದಲು ಮಂಡಿಯೂರಿ ಆಮೇಲೆ ಏಳಬೇಕು. ಕೆಲವು ದಿನ ಎರಡು ಸಲ ಪ್ರಯತ್ನಿಸಬೇಕಾಗುತ್ತದೆ. ಯಾರಾದರೂ ಬಂದರೆ ಕೂತೇ ಮಾತಾಡಿಸುತ್ತೇನೆ. ಅವರು ಹೋಗುವವರೆಗೆ ಕತ್ತರಿ ಆಡಿಸುತ್ತಿರುತ್ತೇನೆ, ಒಮ್ಮೆ ಒಳ್ಳೆಯ ಬಟ್ಟೆಯನ್ನೇ ಸುಮ್ಮನೆ ತುಂಡುತುಂಡು ಮಾಡಿದೆ. ಚಿಕ್ಕವಳಿಗೆ ಹೇಳಿದರೆ ಈ ಅಂಗಡಿ ಮುಚ್ಚಿಸಿ ನನ್ನನ್ನು ಅವಳ ಮನೆಯ ಸೋಫಾದಲ್ಲಿ ಕೂರಿಸುತ್ತಾಳೆ. ಆಗ ನಾನು ನಿನ್ನ ಮುಖ ನೋಡುವುದಿಲ್ಲ.

ನಿಮ್ಮ ಜಿಮ್ಮಿಗೆ ಬರುವವಳಲ್ಲ ನಾನು. ಆ ಹುಡುಗನ ಮುಂದೆ ಬಗ್ಗಿ ಏಳುವವಳಲ್ಲ. ಅಂಗಡಿ ಮುಚ್ಚಿ, ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡುವಂಥದ್ದೇನಾದರೂ ಇದ್ದರೆ ಬರೆ. ಕುರ್ಚಿಯಿಂದ ಎದ್ದು ಕೂರುವುದೋ, ಏನನ್ನಾದರೂ ಎತ್ತಿ ಅಲ್ಲೇ ಇಡುವುದೋ, ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಬರೆ. ಪತ್ರಿಕೆಯವರ ಕಥೆ, ಗುಂಡು ಎಸೆತದ ಕಥೆ ಸೇರಿಸಬೇಡ.

ಇನ್ನೊಂದು ಮಾತು. ಈ ವರ್ಷ ನನಗೆಂದು ಎರಡು ಅಂಗಿ ಹೊಲಿದುಕೊಂಡಿದ್ದೇನೆ. ಭುಜದ ಹತ್ತಿರ ಬಿಡುವು ಇಟ್ಟಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ತೋಳು ದಪ್ಪ ಮಾಡಿಕೊಂಡು ಊರಿನವರ ಬಾಯಿಗೆ ಬೀಳಲು ನಾನು ತಯಾರಿಲ್ಲ. ಅದನ್ನು ನೋಡಿಕೊಂಡು ಬರೆ.

ಅಮ್ಮ